ಬಾಗಿಲಿಗೆ ಹಚ್ಚಿದ ನೋಟೀಸು

ಅಪಘಾತ ಪರಿಹಾರದ ಕೇಸುಗಳಲ್ಲಿ ಗಾಡಿಯ ಮಾಲೀಕ ಕೋರ್ಟಿಗೆ ಬರುವುದು ಕಡಿಮೆ. ಇನ್ಶೂರೆನ್ಸ್ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿದ್ದುಬಿಡುತ್ತಾನೆ. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುತ್ತಾನೆ, ಯಾರೂ ಓಗೊಡುವುದಿಲ್ಲ. ‘ಒಂದನೇ ಎದುರುದಾರ ಗೈರುಹಾಜರು, ಎಕ್ಸ್‌ಪಾರ್ಟಿ’ ಎಂದು ಆರ್ಡರ್ ಶೀಟಿನಲ್ಲಿ ಒಂದು ಸಾಲು ಬೀಳುತ್ತದೆ. ಅರ್ಧ ನಿಮಿಷದ ಕೆಲಸ. ವಿಮಾ ಕಂಪನಿಯ ವಕೀಲರು ಪಕ್ಕದಲ್ಲೇ ಕೂತಿರುವುದರಿಂದ ಆ ಸಾಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡುವುದು ಕೇಸಿನಲ್ಲಿ ವಿಮಾ ಕಂಪನಿಯೇ ಇಲ್ಲದಿದ್ದಾಗ.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ನಾನು ಜೂನಿಯರ್ ಆಗಿದ್ದಾಗ ಅಂಥದ್ದೊಂದು ಕೇಸು ನಮ್ಮ ಆಫೀಸಿನಲ್ಲಿತ್ತು. ನಾವು ಹುಡುಗಿಯ ಪರ.

2009ರ ಫೆಬ್ರವರಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಜೋರಾಗಿರುವ ಕಾಲ. ಸುತ್ತಲ ಊರುಗಳ ರಸ್ತೆಗಳಲ್ಲಿ ಹಗಲೂ ರಾತ್ರಿ ಚೀಲ ಹೇರಿದ ಟೆಂಪೋ, ಟ್ರ್ಯಾಕ್ಟರುಗಳದ್ದೇ ಓಡಾಟ. ಎರಡನೇ ತರಗತಿಯ ಹುಡುಗಿ, ಏಳು ವರ್ಷ, ಶಾಲೆಯ ಬಿಸಿಯೂಟ ಮುಗಿಸಿ ತಾಟನ್ನು ಮನೆಯಲ್ಲಿಟ್ಟು ಬರಲು ರಸ್ತೆ ದಾಟುತ್ತಿದ್ದಳು. ಪೇಟೆಯಲ್ಲಿ ಮಾಲು ಇಳಿಸಿ ಖಾಲಿ ಬರುತ್ತಿದ್ದ ಟೆಂಪೋ ಬಡಿಯಿತು. ಚಾಲಕ ಗಾಡಿ ಅಲ್ಲೇ ಬಿಟ್ಟು ಹೊಲದೊಳಗೆ ಓಡಿದ. ಪೊಲೀಸರ ಪಂಚನಾಮೆ ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಇರುತ್ತದೆ: ರಸ್ತೆ ಪೂರ್ವ-ಪಶ್ಚಿಮ, ಡಾಂಬರು ಇಷ್ಟು ಅಡಿ ಅಗಲ, ಎಡಕ್ಕೆ ಶಾಲೆಯ ಕಾಂಪೌಂಡು. ಈ ಪಂಚನಾಮೆಯ ಕೊನೆಗೆ ಮಾತ್ರ, ಬರೆದ ಹವಾಲ್ದಾರನಿಗೆ ಏನನ್ನಿಸಿತೋ, ‘ಒಂದು ಸ್ಟೀಲ್ ತಾಟು, ಅಂಚು ಮಡಚಿದ್ದು, ಅದರಲ್ಲಿ ಅನ್ನದ ಅಗುಳು’ ಎಂದು ಸೇರಿಸಿದ್ದ. ಕೇಸಿಗೆ ಅದರಿಂದ ಒಂದು ಉಪಯೋಗ ಆಯಿತು. ಹುಡುಗಿ ಆಟಕ್ಕೆ ಬಿದ್ದು ಓಡಿ ಬಂದವಳಲ್ಲ, ತಾಟು ಹಿಡಿದು ನಡೆಯುತ್ತಿದ್ದವಳು ಎಂದು ವಾದಿಸಲು ನಮ್ಮ ಸೀನಿಯರ್ ಆ ಸಾಲನ್ನೇ ಓದುತ್ತಿದ್ದರು.

ಬಲಗಾಲಿನ ತೊಡೆಯ ಎಲುಬು ಮೊಣಕಾಲಿನ ತುಸು ಮೇಲೆ ಮುರಿದಿತ್ತು. ತಾಲ್ಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಯ ಕಿಮ್ಸ್‌ಗೆ ಒಯ್ದರು, ತಂತಿ ಹಾಕಿ ಎಲುಬು ಕೂಡಿಸಿದರು, ಪ್ಲಾಸ್ಟರ್ ಹಾಕಿದರು. ಮಳೆಗಾಲದ ಹೊತ್ತಿಗೆ ಹುಡುಗಿ ನಡೆಯುತ್ತಿದ್ದಳು.

ಟೆಂಪೋದ ಆರ್‌ಸಿ ಹುಬ್ಬಳ್ಳಿಯ ಒಬ್ಬನ ಹೆಸರಿನಲ್ಲಿತ್ತು. ಓಡಿಸುತ್ತಿದ್ದವನು ಬೇರೆ. ಅವನು ಕೆಲವು ದಿನ ತಲೆಮರೆಸಿಕೊಂಡಿದ್ದು ಆಮೇಲೆ ಸಿಕ್ಕ, ಜಾಮೀನು ಪಡೆದ, ‘ಕಾಗದಪತ್ರ ಎಲ್ಲಾ ಮಾಲಕರ ಕಡೆ ಅದಾವ್ರಿ’ ಎಂದು ಹೇಳಿಕೆ ಕೊಟ್ಟು ಸುಮ್ಮನಾದ. ವಿಮೆಯ ಕಾಗದ ಯಾರೂ ಹಾಜರುಪಡಿಸದ್ದರಿಂದ ಪೊಲೀಸರು ಚಾರ್ಜ್‌ಶೀಟಿನಲ್ಲಿ ಭಾರತೀಯ ದಂಡ ಸಂಹಿತೆಯ 279, 338ರ ಜೊತೆಗೆ ಮೋಟಾರು ವಾಹನ ಕಾಯ್ದೆಯ ಕಲಂ 196 ಕೂಡಾ ಹಾಕಿದರು. ಅಂದರೆ ವಿಮೆ ಇಲ್ಲದೆ ಗಾಡಿ ಓಡಿಸಿದ್ದು. ಹಾಗಾಗಿ ನಮ್ಮ ಕ್ಲೇಮ್ ಅರ್ಜಿಯಲ್ಲಿ ಎದುರುದಾರರು ಇಬ್ಬರೇ, ಚಾಲಕ ಮತ್ತು ಆರ್‌ಸಿ ಮಾಲೀಕ. ಮಾಲೀಕನಿಗೆ ಕಳಿಸಿದ ರಿಜಿಸ್ಟರ್ಡ್ ಲಕೋಟೆ ‘ಬಿಟ್ಟು ಹೋಗಿದ್ದಾರೆ’ ಎಂಬ ಷರಾದೊಂದಿಗೆ ಮರಳಿ ಬಂತು. ಬೇಲಿಫ್ ಆ ವಿಳಾಸಕ್ಕೆ ಹೋಗಿ ನೋಟೀಸನ್ನು ಬಾಗಿಲಿಗೆ ಹಚ್ಚಿ ಬಂದ. ಮೇಲೆ ಒಂದು ಸ್ಥಳೀಯ ದಿನಪತ್ರಿಕೆಯಲ್ಲಿ ಪ್ರಕಟಣೆಯೂ ಆಯಿತು. ತಾರೀಖಿನ ದಿನ ಯಾರೂ ಬರಲಿಲ್ಲ.

ಎದುರಾಳಿ ಇಲ್ಲದ ವಿಚಾರಣೆ ಎಷ್ಟು ಸಲೀಸು ಎನ್ನುವುದನ್ನು ನೋಡಿಯೇ ತಿಳಿಯಬೇಕು. ಹುಡುಗಿಯ ಅಪ್ಪ ಪೋಷಕನಾಗಿ ಪ್ರಮಾಣಪತ್ರ ಕೊಟ್ಟ. ಎಲುಬಿನ ಡಾಕ್ಟರು ಬಂದರು, ಎಕ್ಸ್‌ರೇ ತೋರಿಸಿದರು, ಎಲುಬು ಕೂಡಿದೆ, ಕಾಲು ಒಂದು ಸೆಂಟಿಮೀಟರಿನಷ್ಟು ಗಿಡ್ಡ ಎಂದು ಹೇಳಿ ಹೋದರು. ಅಡ್ಡಸವಾಲು ‘ಇಲ್ಲ’. 2010ರ ನವೆಂಬರಿನಲ್ಲಿ ಅವಾರ್ಡ್ ಬಂತು: ನೋವಿಗೆ 40,000, ಆಸ್ಪತ್ರೆ ಖರ್ಚಿಗೆ 22,000, ಆರೈಕೆ-ಓಡಾಟಕ್ಕೆ 10,000, ಮುಂದಿನ ಬದುಕಿನ ಸೌಖ್ಯಕ್ಕೆ 25,000. ಒಟ್ಟು 97,000 ರೂಪಾಯಿ, ಅರ್ಜಿ ಹಾಕಿದ ದಿನದಿಂದ ನೂರಕ್ಕೆ ಆರರ ಬಡ್ಡಿ, ಕೊಡಬೇಕಾದವರು ಚಾಲಕ ಮತ್ತು ಮಾಲೀಕ. ಅವಾರ್ಡಿನ ನಕಲು ಕೈಗೆ ಬಂದ ದಿನ ಅಪ್ಪ ಪೇಢೆ ತಂದಿದ್ದ. ಸೀನಿಯರ್ ಒಂದು ಪೇಢೆ ಬಾಯಿಗೆ ಹಾಕಿಕೊಂಡು, ‘ಇನ್ನ ಅವನ್ನ ಹುಡುಕೋದು ಉಳೀತು’ ಅಂದರು.

ಹುಡುಕಿದವನು ಹುಡುಗಿಯ ಸೋದರಮಾವ. ಹುಬ್ಬಳ್ಳಿಯ ಟೆಂಪೋ ಸ್ಟ್ಯಾಂಡುಗಳಲ್ಲಿ ಚಹಾ ಕುಡಿಯುತ್ತಾ ವಿಚಾರಿಸಿ ಮಾಲೀಕನ ಮೂಲ ಊರನ್ನು ಪತ್ತೆ ಹಚ್ಚಿದ. ಅಲ್ಲಿ ಅವನ ಹೆಸರಿನಲ್ಲಿ ಹೊಲ ಇದೆ ಎಂದು ಉತಾರ ತೆಗೆಸಿಕೊಂಡು ಬಂದ. ನಾವು ಎಕ್ಸಿಕ್ಯೂಷನ್ ಹಾಕಿದೆವು, ಹೊಲ ಜಪ್ತಿಗೆ ಆದೇಶವಾಯಿತು. ಸ್ಥಿರಾಸ್ತಿ ಜಪ್ತಿ ಮಾಡುವಾಗ ಸ್ಥಳದಲ್ಲಿ ಡಂಗುರ ಹೊಡೆಸಬೇಕು ಅಥವಾ ರೂಢಿಯಲ್ಲಿರುವ ಬೇರೆ ಬಗೆಯಲ್ಲಿ ಸಾರಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಎಷ್ಟೋ ಕಡೆ ಇದು ಕಾಗದದ ಮೇಲೆ ಮುಗಿಯುತ್ತದೆ. ಆ ಊರಿನಲ್ಲಿ ಮಾತ್ರ ನಿಜವಾಗಿಯೇ ಹಲಗೆ ಬಾರಿಸಿದರು. ಹೊಲ ಐದು ಜನ ಅಣ್ಣತಮ್ಮಂದಿರ ಕೂಡು ಆಸ್ತಿ, ಸೊಸೈಟಿಯ ಬೆಳೆಸಾಲ ಬೇರೆ ಅದರ ಮೇಲೆ. ಊರವರೆಲ್ಲರ ಎದುರಿಗೆ ಹಲಗೆ ಕೇಳಿದ ಅಣ್ಣಂದಿರು ಗೋವಾದಲ್ಲಿದ್ದ ತಮ್ಮನಿಗೆ ಫೋನು ಹಚ್ಚಿ ಏನು ಬೈದರೋ, ಎರಡೇ ದಿನಕ್ಕೆ ಅವನು ಕೋರ್ಟಿನ ಕಾರಿಡಾರಿನಲ್ಲಿ ನಿಂತಿದ್ದ.

ಮೂವತ್ತೈದರ ಆಸುಪಾಸಿನ ಮನುಷ್ಯ, ಬಿಸಿಲಿಗೆ ಕಂದಿದ ಮುಖ. ನಮ್ಮನ್ನೇ ತನ್ನ ವಕೀಲರು ಎಂದು ತಿಳಿದನೋ ಏನೋ, ನೇರ ನನ್ನ ಹತ್ತಿರ ಬಂದ. ‘ಅಕ್ಕಾರ, ಆ ಗಾಡಿ ಮಾರಿ ನಂದು ಯಾವ್ ಕಾಲ ಆತ್ರಿ. ಬಾಂಡ್ ಪೇಪರ್ ಐತಿ ನೋಡ್ರಿ. ನಾ ಅಲ್ಲಿ ವಾಸ್ಕೋದಾಗ ಲಾರಿ ಮ್ಯಾಲ ಅದೀನಿ. ಯಾವ ಹುಡುಗಿ, ಯಾವ ಕೇಸು, ಒಂದೂ ನನಗ ಗೊತ್ತಿಲ್ರಿ.’ ಕೈಯಲ್ಲಿ ನೂರು ರೂಪಾಯಿಯ ಬಾಂಡು. ಮಾರಾಟದ ಕರಾರು, ಎರಡು ಸಾಕ್ಷಿ ಸಹಿ. ಓಡಿಸುತ್ತಿದ್ದ ಚಾಲಕನೇ ಕೊಂಡವನು. ಸಹಿ ಹಾಕಿದ ಖಾಲಿ ಫಾರಂ 29, 30 ಅವನ ಕೈಗೆ ಕೊಟ್ಟು, ದುಡ್ಡು ಎಣಿಸಿಕೊಂಡು, ಆರ್‌ಟಿಓ ಕಚೇರಿಯ ಕಡೆಗೆ ಇಬ್ಬರೂ ತಲೆ ಹಾಕಿರಲಿಲ್ಲ. ನಮ್ಮ ಕಡೆ ಹಳೇ ಗಾಡಿಗಳ ವ್ಯಾಪಾರ ಹೆಚ್ಚಿನಂಶ ನಡೆಯುವುದೇ ಹೀಗೆ. ಕಾನೂನಿನ ಪ್ರಕಾರ ಮಾರಿದವನು ಹದಿನಾಲ್ಕು ದಿನದೊಳಗೆ ತಿಳಿಸಬೇಕು, ಕೊಂಡವನು ಮೂವತ್ತು ದಿನದೊಳಗೆ. ತಿಳಿಸದಿದ್ದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಬಾಂಡ್ ಪೇಪರಿಗೆ ಮೂರನೆಯವರ ಮುಂದೆ ಕವಡೆಯ ಬೆಲೆಯಿಲ್ಲ.

ಅವನ ವಕೀಲರು ಎಕ್ಸ್‌ಪಾರ್ಟಿ ಅವಾರ್ಡ್ ರದ್ದು ಮಾಡಬೇಕೆಂದು ಆರ್ಡರ್ 9 ರೂಲ್ 13ರಡಿ ಅರ್ಜಿ ಹಾಕಿದರು, ಜೊತೆಗೆ ವಿಳಂಬ ಮನ್ನಿಸಲು ಇನ್ನೊಂದು. ಆ ರೂಲಿನಲ್ಲಿ ಇರುವುದು ಎರಡೇ ದಾರಿ. ನೋಟೀಸು ಕ್ರಮವಾಗಿ ಮುಟ್ಟಿಲ್ಲ ಎನ್ನಬೇಕು, ಇಲ್ಲವೇ ಮುಟ್ಟಿದ್ದರೂ ಬರಲಾಗದ ಸಕಾರಣ ಇತ್ತು ಎನ್ನಬೇಕು. ಅರ್ಜಿಗೆ ಮೂವತ್ತು ದಿನದ ಗಡುವು. ನೋಟೀಸೇ ಮುಟ್ಟದವನಿಗೆ ಆ ಮೂವತ್ತು ದಿನ ಶುರುವಾಗುವುದು ತೀರ್ಪಿನ ದಿನದಿಂದಲ್ಲ, ಅದು ಗೊತ್ತಾದ ದಿನದಿಂದ. ಅವನ ಮೂವತ್ತು ದಿನ ಹಲಗೆಯ ಸದ್ದಿನಿಂದ ಶುರುವಾಗುತ್ತದೆ ಎಂದು ಅವರ ವಾದ. ನಾವು ತಕರಾರು ಹಾಕಿದೆವು. ಬರೆದವಳು ನಾನೇ. ನೋಟೀಸು ಜಾರಿಯಲ್ಲಿ ಸಣ್ಣಪುಟ್ಟ ಲೋಪ ಇದ್ದ ಮಾತ್ರಕ್ಕೆ ತೀರ್ಪು ರದ್ದಾಗುವುದಿಲ್ಲ ಎಂಬ ಷರತ್ತು ಅದೇ ರೂಲಿನಲ್ಲಿದೆ, ಅದನ್ನು ದಪ್ಪಕ್ಷರದಲ್ಲಿ ಟೈಪ್ ಮಾಡಿಸಿದ್ದೆ. ಅಂಥ ಅರ್ಜಿ ಇವತ್ತು ಬಂದರೂ ನಾನು ತಕರಾರು ಹಾಕುತ್ತೇನೆ. ಕೈಯಲ್ಲಿರುವ ಅವಾರ್ಡನ್ನು ಬಿಟ್ಟುಕೊಡಿ ಎಂದು ಕಕ್ಷಿದಾರನಿಗೆ ಹೇಳುವ ವಕೀಲ ಇದ್ದರೆ ಅವನು ವಕೀಲಿ ಬಿಟ್ಟು ಬೇರೇನಾದರೂ ಮಾಡುವುದು ಲೇಸು.

ಆದರೆ ಅವರ ವಕೀಲರು ಕೇಳಿದ ಒಂದು ಪ್ರಶ್ನೆಗೆ ನಮ್ಮ ಕಡೆ ಉತ್ತರ ಇರಲಿಲ್ಲ. ‘ಜಪ್ತಿಗೆ ಸಿಕ್ಕ ವಿಳಾಸ ನೋಟೀಸಿಗೆ ಯಾಕೆ ಸಿಗಲಿಲ್ಲ?’ ನ್ಯಾಯಾಧೀಶರು ಹಳೇ ಫೈಲು ತರಿಸಿ ಬೇಲಿಫನ ವರದಿ ಓದಿದರು. ಬಾಗಿಲಿಗೆ ಹಚ್ಚಿದ್ದಾಗಿ ಬರೆದಿದ್ದ, ಮನೆ ಗುರುತಿಸಿದವರು ಯಾರು ಎಂದು ಬರೆದಿರಲಿಲ್ಲ, ಸಾಕ್ಷಿಯ ಸಹಿ ಇರಲಿಲ್ಲ. ಯಾರು ಮನೆ ತೋರಿಸಿದರು, ಯಾರೆದುರಿಗೆ ಹಚ್ಚಿದೆ ಎಂಬುದನ್ನು ಬರೆಯಲೇಬೇಕೆಂದು ಆರ್ಡರ್ 5 ಹೇಳುತ್ತದೆ. ಆ ಮನೆಯಲ್ಲಿ ಆಗಲೇ ಬೇರೆ ಬಾಡಿಗೆದಾರರಿದ್ದರು. ಪತ್ರಿಕಾ ಪ್ರಕಟಣೆ ಬಂದಿದ್ದು ಗೋವಾಕ್ಕೆ ಹೋಗದ ಪತ್ರಿಕೆಯಲ್ಲಿ.

2012ರ ಜುಲೈನಲ್ಲಿ ಅವಾರ್ಡ್ ರದ್ದಾಯಿತು. 25,000 ರೂಪಾಯಿ ಠೇವಣಿ ಇಡಬೇಕು, ಅರ್ಜಿದಾರರಿಗೆ 2,000 ಖರ್ಚು ಕೊಡಬೇಕು ಎಂಬ ಷರತ್ತಿನ ಮೇಲೆ. ಇಂಥ ಷರತ್ತು ಹಾಕುವ ಅಧಿಕಾರ ಆ ರೂಲಿನಲ್ಲೇ ಇದೆ. ಹುಡುಗಿಯ ಅವ್ವ ಆ ದಿನ ಬಂದಿದ್ದಳು. ‘ಗೆದ್ದ ಕೇಸ್ ಮತ್ತ ಯಾಕ ತಗೀತಾರ್ರಿ ಅಕ್ಕಾರ? ಕಾಲು ಮುರಿದಿದ್ದು ಸುಳ್ಳೇನ್ರಿ?’ ಎಂದು ಕೇಳಿದಳು. ಕಾಲು ಮುರಿದಿದ್ದು ಸುಳ್ಳಲ್ಲ ಎಂದೆ. ಅದಕ್ಕಿಂತ ಹೆಚ್ಚಿಗೆ ಏನು ಹೇಳಿದ್ದರೂ ಅವಳಿಗೆ ಅದು ಕೋರ್ಟಿನ ಭಾಷೆಯಾಗಿ ಕೇಳಿಸುತ್ತಿತ್ತು. ಅಪ್ಪ ಮಾತಾಡಲಿಲ್ಲ. ಠೇವಣಿಯ ಹಣವನ್ನಾದರೂ ಬಿಡಿಸಿಕೊಡಿ ಎಂದು ಸೀನಿಯರ್ ಅಲ್ಲೇ ಬಾಯಿಮಾತಿನಲ್ಲಿ ಕೇಳಿದರು, ಆಮೇಲೆ ಅರ್ಜಿ ಹಾಕಿದೆವು, ಚಿಕಿತ್ಸೆಗೆಂದು ಬಿಡುಗಡೆಯೂ ಆಯಿತು. ಮೂರು ವರ್ಷದಲ್ಲಿ ಆ ಮನೆಗೆ ಬಂದ ಮೊದಲ ದುಡ್ಡು ಅದು. ಅವಾರ್ಡ್ ಇದ್ದಾಗ ಒಂದು ರೂಪಾಯಿ ಬಂದಿರಲಿಲ್ಲ, ರದ್ದಾದ ಮೇಲೆ ಇಪ್ಪತ್ತೈದು ಸಾವಿರ ಬಂತು.

ಹೊಸದಾಗಿ ವಿಚಾರಣೆ ಶುರುವಾಯಿತಲ್ಲ, ಮಾಲೀಕ ತಕರಾರು ಕೈಫಿಯತ್ತು ಕೊಡಬೇಕು. ಅವನ ವಕೀಲರು ವಿಮೆಯ ಬಗ್ಗೆ ಕೇಳಿದ್ದಾರೆ. ಗಾಡಿ ಮಾರಿದ ಮೇಲೂ ಕೊಂಡವನು ಒಂದು ಸಲ ಫೋನು ಮಾಡಿ, ಇನ್ಶೂರೆನ್ಸ್ ನಿನ್ನ ಹೆಸರಿನಲ್ಲೇ ತುಂಬುತ್ತೇನೆ ಎಂದಿದ್ದು ಆಗ ಅವನಿಗೆ ನೆನಪಾಗಿದೆ. ಇಬ್ಬರಿಗೂ ಗೊತ್ತಿದ್ದ ಏಜೆಂಟ್ ಒಬ್ಬನೇ, ಹುಬ್ಬಳ್ಳಿಯ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಟೇಬಲ್ಲು ಹಾಕಿಕೊಂಡವನು. ಅವನ ಹಳೇ ಪುಸ್ತಕಗಳಲ್ಲಿ ಅಪಘಾತಕ್ಕೆ ನಾಲ್ಕು ತಿಂಗಳು ಮೊದಲು ಹರಿದುಕೊಟ್ಟ ಒಂದು ಕವರ್ ನೋಟಿನ ಕಾರ್ಬನ್ ಪ್ರತಿ ಸಿಕ್ಕಿತು. ಮೂರನೇ ವ್ಯಕ್ತಿಯ ಹೊಣೆಯ ಪ್ರೀಮಿಯಂ ತುಂಬಿತ್ತು, ಗಾಡಿಯ ನಂಬರು ಸರಿಯಿತ್ತು, ಒಂದು ವರ್ಷದ ಅವಧಿ ಚಾಲ್ತಿಯಲ್ಲಿತ್ತು. ಚಾಲಕ ಅದನ್ನು ಪೊಲೀಸರಿಗೆ ಯಾಕೆ ಕೊಡಲಿಲ್ಲ ಎನ್ನುವುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಗಾಡಿ ತನ್ನದೆಂದು ಗೊತ್ತಾದರೆ ತನ್ನ ಮೇಲೆ ಬರುತ್ತದೆ ಎಂಬ ಹೆದರಿಕೆ ಇದ್ದೀತು.

ನೀಲಿ ಕಾರ್ಬನ್ ಮಾಸಿದ ಆ ಚೀಟಿಯನ್ನು ಎದುರು ವಕೀಲರು ಹಾಜರುಪಡಿಸಿದ ದಿನ ನಮ್ಮ ಸೀನಿಯರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಖೊಟ್ಟಿ ಇರಬಹುದೇ ಎಂಬ ಅನುಮಾನ ಮೊದಲು. ವಿಮಾ ಕಂಪನಿಯ ಶಾಖೆಯಿಂದ ದಾಖಲೆ ತರಿಸಿ ನಂಬರು ತಾಳೆಯಾದ ಮೇಲೆ ನಾವೇ ಕಂಪನಿಯನ್ನು ಮೂರನೇ ಎದುರುದಾರರನ್ನಾಗಿ ಸೇರಿಸಲು ಅರ್ಜಿ ಹಾಕಿದೆವು. ಎಕ್ಸಿಕ್ಯೂಷನ್ನಿನಲ್ಲೇ ಮುಂದುವರಿದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ: ಅಣ್ಣತಮ್ಮಂದಿರು ತಮ್ಮ ಪಾಲಿಗೆ ತಂಟೆ ಅರ್ಜಿ ಹಾಕುತ್ತಿದ್ದರು, ಸೊಸೈಟಿಯವರು ತಮ್ಮ ಸಾಲ ಮೊದಲು ಎನ್ನುತ್ತಿದ್ದರು, ಹುಡುಗಿಗೆ ಮದುವೆ ವಯಸ್ಸಾಗುತ್ತಿತ್ತು.

ಈ ನಡುವೆ ಕಾಲು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಸರಿಯಾಗಿ ಹೇಳಬೇಕೆಂದರೆ ಒಂದು ಕಾಲು ಬೆಳೆಯುತ್ತಿತ್ತು, ಇನ್ನೊಂದು ಹಿಂದೆ ಬೀಳುತ್ತಿತ್ತು.

ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದ್ವಸ್ಥಿಯ ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಹುಡುಗಿಯ ತೊಡೆಯ ಎಲುಬು ಮುರಿದಿದ್ದು ಸರಿಯಾಗಿ ಆ ಜಾಗದಲ್ಲೇ, ಮತ್ತು ಆ ಪದರದ ಒಂದು ಭಾಗ ಗಟ್ಟಿ ಎಲುಬಾಗಿ ಕೂಡಿಕೊಂಡುಬಿಟ್ಟಿತ್ತು. ಇದು 2010ರಲ್ಲಿ ಸಾಕ್ಷ್ಯಕ್ಕೆ ಬಂದಿರಲಿಲ್ಲ. ಡಾಕ್ಟರನ್ನು ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅದು ಹೊರಗೆ ಬಂದಿದ್ದು ವಿಮಾ ಕಂಪನಿಯ ವಕೀಲರ ಅಡ್ಡಸವಾಲಿನಲ್ಲಿ. ಅವರು ಒಳ್ಳೇ ಗಟ್ಟಿ ವಕೀಲರು, ಪ್ರತಿ ಮಗುವಿನ ಕೇಸಿನಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು. ‘ಡಾಕ್ಟರ್, ಮಕ್ಕಳ ಎಲುಬು ಬೇಗ ಕೂಡುತ್ತದೆ, ಬೆಳೀತಾ ಬೆಳೀತಾ ಈ ವ್ಯತ್ಯಾಸ ಸರಿಹೋಗುತ್ತದೆ ಅಂದರೆ ಸರಿಯೇ?’

ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು ನ್ಯಾಯಾಧೀಶರ ಕಡೆಗೆ ತಿರುಗಿದರು. ‘ತದ್ವಿರುದ್ಧ ಸರ್. ತೊಡೆಯ ಎಲುಬಿನ ಬೆಳವಣಿಗೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮೊಣಕಾಲಿನ ಹತ್ತಿರದ ತುದಿಯಿಂದಲೇ ಆಗೋದು, ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು. ಪೆಟ್ಟು ಬಿದ್ದಿರೋದು ಅಲ್ಲೇ. ಹುಡುಗಿ ಬೆಳೆದಷ್ಟೂ ವ್ಯತ್ಯಾಸ ಹೆಚ್ಚಾಗುತ್ತೆ.’ ಆ ಹೊತ್ತಿಗೆ ಅಳೆದಾಗ ಕಾಲು ಮೂರೂವರೆ ಸೆಂಟಿಮೀಟರು ಗಿಡ್ಡ ಇತ್ತು. ಇಡೀ ದೇಹಕ್ಕೆ ನೂರಕ್ಕೆ ಹದಿನೆಂಟರ ಅಂಗವೈಕಲ್ಯ. ವಕೀಲರು ಮುಂದಿನ ಪ್ರಶ್ನೆಗೆ ಹೋಗದೆ ಕೂತರು. ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ ಎಂದು ಆಮೇಲೆ ಬಾರ್ ರೂಮಿನಲ್ಲಿ ಅವರೇ ನಗುತ್ತಾ ಹೇಳಿಕೊಂಡರು.

ಮೋಟಾರು ಅಪಘಾತದ ಪರಿಹಾರ ಒಂದೇ ಸಲದ್ದು. ಅಂತಿಮ ಅವಾರ್ಡ್ ಆದ ಮೇಲೆ ರೋಗ ಬಿಗಡಾಯಿಸಿತೆಂದು ಮತ್ತೆ ಕೋರ್ಟಿಗೆ ಬಂದು ಇನ್ನಷ್ಟು ಕೊಡಿ ಎನ್ನಲು ಕಾಯ್ದೆಯಲ್ಲಿ ದಾರಿಯಿಲ್ಲ. ಆದ್ದರಿಂದ ಮುಂದಿನ ಚಿಕಿತ್ಸೆಯ ಖರ್ಚನ್ನೂ ಮೊದಲೇ ಊಹಿಸಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ದೊಡ್ಡವರ ವಿಷಯದಲ್ಲಿ ಊಹೆ ಹೇಗೋ ನಡೆಯುತ್ತದೆ. ಏಳು ವರ್ಷದ ಮಗುವಿನ ಕಾಲನ್ನು ಒಂದೂವರೆ ವರ್ಷದಲ್ಲಿ ಅಳೆದು, ಇಷ್ಟೇ ನಷ್ಟ ಎಂದು ಷರಾ ಬರೆದು ಫೈಲು ಮುಚ್ಚುವ ಆತುರ ನನಗೆ ಈಗಲೂ ಕಸಿವಿಸಿ ತರುತ್ತದೆ. ಬೇಗ ತೀರ್ಪು ಕೊಡಿ ಎಂದು ನಾವೇ ಎಲ್ಲ ಕಡೆ ಕೂಗುತ್ತೇವೆ, ಅದು ನಿಜ. ಮಕ್ಕಳ ಎಲುಬಿನ ಕೇಸುಗಳಲ್ಲಿ ಮಾತ್ರ ನಾನು ಕೂಗುವುದಿಲ್ಲ. ಮಧ್ಯಂತರ ಹಣ ಕೊಡಿಸಿ, ಅಂತಿಮಕ್ಕೆ ತಾಳಿ ಎನ್ನುತ್ತೇನೆ.

ಮಾಲೀಕನ ವಕೀಲರು ಹುಡುಗಿಯದೂ ತಪ್ಪಿದೆ, ಎಡಬಲ ನೋಡದೆ ದಾಟಿದ್ದಾಳೆ ಎಂದು ಹೇಳಿ ನೋಡಿದರು. ಏಳು ವರ್ಷದ ಮಗುವಿಗೆ ಸಹ-ನಿರ್ಲಕ್ಷ್ಯ ಅಂಟುವುದಿಲ್ಲ. ಶಾಲೆಯ ಮುಂದೆ ವೇಗ ತಗ್ಗಿಸಬೇಕಾದವನು ಚಾಲಕ. ವಿಮಾ ಕಂಪನಿಯೂ ಒಂದು ಎಳೆ ಹಿಡಿಯಿತು: ಗಾಡಿ ಮಾರಿಯಾಗಿತ್ತು, ಪಾಲಿಸಿ ಮಾರಿದವನ ಹೆಸರಿನಲ್ಲಿದೆ, ಹಾಗಾಗಿ ನಾವು ಹೊಣೆಯಲ್ಲ. ಆದರೆ ಗಾಡಿ ಕೈ ಬದಲಾದರೆ ಮೂರನೇ ವ್ಯಕ್ತಿಯ ಮಟ್ಟಿಗೆ ಪಾಲಿಸಿಯೂ ಅದರ ಹಿಂದೆಯೇ ಹೋಯಿತೆಂದು ಕಲಂ 157 ಹೇಳುತ್ತಿತ್ತು. ಆ ಎಳೆ ಅಲ್ಲಿಗೇ ಕಡಿಯಿತು.

ಇನ್ನೊಂದು ನಮಗೆ ಆಕಾಶದಿಂದ ಬಿದ್ದದ್ದು. 2013ರ ಆಗಸ್ಟಿನಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಒಬ್ಬ ಬಾಲಕನ ಮೇಲ್ಮನವಿಯಲ್ಲಿ, ಮಕ್ಕಳಿಗೆ ಆಗುವ ಶಾಶ್ವತ ಅಂಗವೈಕಲ್ಯಕ್ಕೆ ಸುಪ್ರೀಂ ಕೋರ್ಟು ಒಂದು ಅಳತೆ ಹಾಕಿಕೊಟ್ಟಿತು. ದುಡಿಯದ ಮಗುವಿಗೆ ಆದಾಯದ ನಷ್ಟ ಎಲ್ಲಿಂದ ತರುವುದು ಎಂದು ನ್ಯಾಯಮಂಡಳಿಗಳು ಅಲ್ಲಿಯವರೆಗೆ ಮನಸ್ಸಿಗೆ ಬಂದಷ್ಟು ಕೊಡುತ್ತಿದ್ದವು. ಈ ತೀರ್ಪಿನ ಪ್ರಕಾರ ಇಡೀ ದೇಹದ ವೈಕಲ್ಯ ನೂರಕ್ಕೆ ಹತ್ತರವರೆಗೆ ಇದ್ದರೆ ಒಂದು ಲಕ್ಷ, ಹತ್ತರಿಂದ ಮೂವತ್ತಕ್ಕೆ ಮೂರು ಲಕ್ಷ, ಅರವತ್ತರವರೆಗೆ ನಾಲ್ಕು, ತೊಂಬತ್ತರವರೆಗೆ ಐದು, ಅದಕ್ಕೆ ಮೇಲೆ ಆರು ಲಕ್ಷ. ಚಿಕಿತ್ಸೆ, ಆರೈಕೆ ಮುಂತಾದ ನಿಜವಾದ ಖರ್ಚು ಬೇರೆ. ನಮ್ಮ ಹುಡುಗಿ ಎರಡನೇ ಸಾಲಿನಲ್ಲಿ ನಿಂತಳು. 2014ರ ಮಾರ್ಚಿನ ಅವಾರ್ಡಿನಲ್ಲಿ ಮೂರು ಲಕ್ಷ, ಹಳೇ ಆಸ್ಪತ್ರೆ ಖರ್ಚಿನ 22,000, ತಂದೆತಾಯಿಯ ಕೂಲಿ ನಷ್ಟ ಮತ್ತು ತೊಂದರೆಗೆ 25,000, ಮುಂದಿನ ಚಿಕಿತ್ಸೆಗೆ 50,000: ಒಟ್ಟು 3,97,000. ಕೊಡಬೇಕಾದವರು ವಿಮಾ ಕಂಪನಿ. ಅವರು ಅಪೀಲಿಗೆ ಹೋಗಲಿಲ್ಲ, ಠೇವಣಿ ಇಟ್ಟರು.

ಬಹುಪಾಲು ಹಣ ಹುಡುಗಿಯ ಹೆಸರಿನಲ್ಲಿ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಫಿಕ್ಸೆಡ್ ಆಯಿತು, ಬಡ್ಡಿ ಮನೆಗೆ. ಚಿಕಿತ್ಸೆಯ ಐವತ್ತು ಸಾವಿರದಲ್ಲಿ ಹುಬ್ಬಳ್ಳಿಯಲ್ಲೇ ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿಸಿದರು. ಕೆಟ್ಟ ಕಾಲಿಗಲ್ಲ, ಒಳ್ಳೆಯ ಕಾಲಿಗೆ. ಅದರ ಬೆಳವಣಿಗೆಯ ಪದರವನ್ನು ಬೇಕೆಂದೇ ನಿಲ್ಲಿಸಿದರೆ ವ್ಯತ್ಯಾಸ ಇನ್ನೂ ಹಿಗ್ಗುವುದು ತಪ್ಪುತ್ತದೆ. ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ, ಬೆಳವಣಿಗೆ ಬಾಕಿ ಇರುವಾಗಲೇ ಅದನ್ನು ಮಾಡಬೇಕು. ಇದನ್ನು ಕೇಳಿ ಅವ್ವ ಹೌಹಾರಿದ್ದಳು. ‘ಚಂದ ಇದ್ದ ಕಾಲಿಗೆ ಯಾಕ್ರಿ ಕೈ ಹಚ್ತಾರ?’ ಡಾಕ್ಟರೇ ಕಾಗದದ ಮೇಲೆ ಎರಡು ಕಾಲು ಬರೆದು ತೋರಿಸಿದ ಮೇಲೆ ಒಪ್ಪಿದಳು. ಉಳಿದ ಅಂತರಕ್ಕೆ ಬಲಗಾಲಿನ ಚಪ್ಪಲಿಗೆ ಎತ್ತರದ ಅಟ್ಟೆ ಹೊಲಿಸುತ್ತಾರೆ.

ಮಾಲೀಕನನ್ನು ಕಡೆಯ ಸಲ ಕಂಡಿದ್ದು ಅವನ 25,000 ವಾಪಸು ಪಡೆಯಲು ಬಂದಾಗ. ಹುಡುಗಿಗೆ ಮೊದಲೇ ಬಿಡುಗಡೆಯಾಗಿದ್ದ ಆ ಹಣವನ್ನು ಕಂಪನಿಯ ಠೇವಣಿಯಲ್ಲಿ ಮುರಿದುಕೊಂಡು ಅವನಿಗೆ ಚೆಕ್ ಕೊಡಲು ಆದೇಶವಾಗಿತ್ತು. ಚೆಕ್ಕನ್ನು ಅಂಗಿಯ ಒಳಜೇಬಿಗೆ ಇಳಿಸಿ ನನ್ನ ಟೇಬಲಿನ ಹತ್ತಿರ ಬಂದ.

‘ಅಕ್ಕಾರ, ಆ ಟೆಂಪೋ ಇನ್ನಾ ಸ್ಟೇಷನ್ ಕಾಂಪೌಂಡಿನ್ಯಾಗ ಜಂಗ್ ಹಿಡದ್ ನಿಂತೈತ್ರಿ. ಆರ್‌ಸಿ ಇವತ್ತಿಗೂ ನನ್ನ ಹೆಸರಿನ್ಯಾಗ ಐತಿ. ಅದರಾಗಿಂದ ನನ್ನ ಹೆಸರು ತಗಸಾಕ ಏನ್ ಮಾಡಬೇಕ್ರಿ?’

ಎದುರು ಪಾರ್ಟಿಗೆ ನಾವು ಸಲಹೆ ಕೊಡುವಂತಿಲ್ಲ. ನಿಮ್ಮ ವಕೀಲರನ್ನ ಕೇಳ್ರಿ, ಅಲ್ಲೇ ಬಾರ್ ರೂಮಿನಾಗ ಅದಾರ ಅಂದೆ.